ಎಣಿಸದಿದ್ದರೆ ರೋಗವೇ ಇಲ್ಲ

ನಿಮ್ಮ ದೇಶದಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದೆಯಾ? ಗಾಬರಿ ಬೇಡ. ಮದ್ದು, ಲಸಿಕೆ ಎಲ್ಲ ಆಮೇಲೆ ನೋಡೋಣ. ಮೊದಲು ಎಣಿಸುವವರನ್ನು ಮನೆಗೆ ಕಳಿಸಿ.

ಕೋವಿಡ್ ಕಾಲದಲ್ಲಿ ದಿನಾ ಬೆಳಗಾದರೆ ದೇಶಗಳ ಪಟ್ಟಿ ಬರುತ್ತಿತ್ತು, ನೆನಪಿದೆ ಅಲ್ವಾ? ಹತ್ತು ಲಕ್ಷಕ್ಕೆ ಎಷ್ಟು ಸಾವು, ಯಾರು ಮೇಲೆ, ಯಾರು ಕೆಳಗೆ ಅಂತ. ಕೆಳಗಿದ್ದವರು ಮೀಸೆ ತಿರುವುತ್ತಿದ್ದರು. ಹಾಗೆ ಕೆಳಗಿರುವುದು ಎಷ್ಟು ಸುಲಭ ಅಂತ ತಾಂಜಾನಿಯಾ ತೋರಿಸಿಕೊಟ್ಟಿತು. 2020ರ ಮೇ ತಿಂಗಳಲ್ಲಿ ಅಲ್ಲಿನ ಅಧ್ಯಕ್ಷ ಮಗುಫುಲಿ, ಪಪ್ಪಾಯಿ ಮತ್ತು ಮೇಕೆಯ ಮಾದರಿಗಳನ್ನು ಮನುಷ್ಯರ ಹೆಸರಲ್ಲಿ ಲ್ಯಾಬಿಗೆ ಕಳಿಸಿದ್ದೆವು, ಅವೂ ಪಾಸಿಟಿವ್ ಬಂದವು ಎಂದರು. ಅಲ್ಲಿಗೆ ಲೆಕ್ಕ ಬಂದ್. 509 ಪ್ರಕರಣಕ್ಕೆ ನಿಂತ ಮೀಟರ್ ಒಂದು ವರ್ಷಕ್ಕೂ ಜಾಸ್ತಿ ಅಲ್ಲಾಡಲಿಲ್ಲ. ಪಪ್ಪಾಯಿ ಗುಣವಾಯಿತೋ ಇಲ್ಲವೋ, ಅದಕ್ಕೂ ಲೆಕ್ಕವಿಲ್ಲ. ತುರ್ಕಮೆನಿಸ್ತಾನ ಇನ್ನೂ ಜಾಣ. ಸೊನ್ನೆ ದಾಟಲೇ ಇಲ್ಲ.

ದಡ್ಡತನ ಮಾಡಿದ್ದು ಬೆಲ್ಜಿಯಂ. ವೃದ್ಧಾಶ್ರಮಗಳಲ್ಲಿ ಟೆಸ್ಟ್ ಆಗದೆ ಸತ್ತವರನ್ನೂ ಅನುಮಾನದ ಮೇಲೆ ಎಣಿಸಿಬಿಟ್ಟಿತು. ಸೀದಾ ಪಟ್ಟಿಯ ನೆತ್ತಿಗೆ ಹೋಗಿ ಕೂತಿತು. ಅದೇ ಹೊತ್ತಿಗೆ ರಷ್ಯಾದಲ್ಲಿ ಶವಪರೀಕ್ಷೆ ಮಾಡಿ, ಕೋವಿಡ್ಡೇ ಮುಖ್ಯ ಕಾರಣ ಅಂತ ಖಚಿತವಾದರೆ ಮಾತ್ರ ದಿನದ ಲೆಕ್ಕಕ್ಕೆ. ಸೋಂಕು ಇದ್ದು ಹೃದಯ ನಿಂತರೆ ಅದು ಹೃದಯದ ತಪ್ಪು. ಪಟ್ಟಿ ಮಾಡುವವರಿಗೆ ಇದೆಲ್ಲ ಯಾಕೆ? ಎರಡೂ ಅಂಕಿಯನ್ನು ಒಂದೇ ಕಾಲಮ್ಮಿಗೆ ಹಾಕಿದರಾಯಿತು.

ಪೆರುವಿನ ಕಥೆ ಕೇಳಿ. 2021ರ ಮೇ 31ರಂದು ಹಳೆ ದಾಖಲೆ ತಿರುವಿಹಾಕಿ, ಸತ್ತವರು 69,342 ಅಲ್ಲ, 1,80,764 ಎಂದು ಒಪ್ಪಿಕೊಂಡಿತು. ನಿಜ ಹೇಳಿದ್ದಕ್ಕೆ ಬಹುಮಾನ ಕೂಡಲೇ ಸಿಕ್ಕಿತು: ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಸಾವು ಕಂಡ ದೇಶ!

ಇಂಗ್ಲೆಂಡಿನಲ್ಲಿ ಇದರ ಉಲ್ಟಾ. ಒಮ್ಮೆ ಪಾಸಿಟಿವ್ ಬಂದವರು ಗುಣವಾಗಿ, ತಿಂಗಳುಗಟ್ಟಲೆ ಓಡಾಡಿಕೊಂಡಿದ್ದು, ಆಮೇಲೆ ಬಸ್ಸಿಗೆ ಸಿಕ್ಕಿ ಸತ್ತರೂ ಕೋವಿಡ್ ಸಾವು. 2020ರ ಆಗಸ್ಟಿನಲ್ಲಿ, 28 ದಿನದೊಳಗೆ ಸತ್ತರೆ ಮಾತ್ರ ಎಂದು ನಿಯಮ ಬದಲಿಸಿದರು. ಒಂದೇ ಏಟಿಗೆ 5,000ಕ್ಕೂ ಜಾಸ್ತಿ ಸಾವು ಮಾಯ. ಯಾವ ವೈದ್ಯರೂ ಮಾಡಲಾಗದ್ದನ್ನು ಗುಮಾಸ್ತರು ಮಾಡಿದರು.

ವ್ಯಾಟಿಕನ್ನಿನಂಥ ಪುಟ್ಟ ದೇಶದ ಕಷ್ಟವೇ ಬೇರೆ. 800 ಜನ ಇದ್ದಾರೆ ಅಂತಿಟ್ಟುಕೊಳ್ಳಿ. ಒಬ್ಬರು ಹಾಸಿಗೆ ಹಿಡಿದರೂ ಹತ್ತು ಲಕ್ಷಕ್ಕೆ 1,250 ಪ್ರಕರಣ. ಉಳಿದ 1,249 ರೋಗಿಗಳನ್ನು ಎಲ್ಲಿಂದ ತರುವುದು?

ಕೊನೆಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೇರೆ ದಾರಿ ಹಿಡಿಯಿತು. ಯಾವ ಕಾರಣವಾದರೂ ಇರಲಿ, ಮಾಮೂಲಿಗಿಂತ ಎಷ್ಟು ಜನ ಜಾಸ್ತಿ ಸತ್ತರು ಅಂತ ಅಂದಾಜು ಹಾಕಿತು. 2020 ಮತ್ತು 2021ರಲ್ಲಿ ದೇಶಗಳು ಹೇಳಿದ್ದು 54 ಲಕ್ಷ ಸಾವು. ಅಂದಾಜಿಗೆ ಸಿಕ್ಕಿದ್ದು ಸುಮಾರು 1.49 ಕೋಟಿ. ಭಾರತದ್ದೇ 4.81 ಲಕ್ಷ ಇದ್ದದ್ದು 47 ಲಕ್ಷವಾಯಿತು. ಲೆಕ್ಕದ ವಿಧಾನವೇ ಸರಿಯಿಲ್ಲ ಎಂದು ಭಾರತ ಸರ್ಕಾರ ತಗಾದೆ ತೆಗೆಯಿತು. ಸರಿ, ವಿಧಾನದ ಬಗ್ಗೆ ವಾದ ಮಾಡಲೇಬೇಕು. ಹತ್ತು ಲಕ್ಷಕ್ಕೆ ಇಷ್ಟೇ ಸಾವು, ನಾವೇ ವಾಸಿ ಅಂತ ಪಟ್ಟಿ ತೋರಿಸುತ್ತಿದ್ದ ದಿನಗಳಲ್ಲಿ ಮಾತ್ರ ವಿಧಾನ ಯಾರ ನೆನಪಿಗೂ ಬಂದಿರಲಿಲ್ಲ.