‘ಹಾಫ್‌ಬ್ರೀಡ್’ ಓದುವ ಮುಂಚೆ ಮುದ್ರಣದ ಇಸವಿ ನೋಡಿ

ಈಗಷ್ಟೇ ಕೆನಡಾದ ಲೇಖಕಿ ಮರಿಯಾ ಕ್ಯಾಂಪ್‌ಬೆಲ್ ಅವರ ಆತ್ಮಕಥೆ ‘ಹಾಫ್‌ಬ್ರೀಡ್’ನ ಪರಿಚಯವೊಂದನ್ನು ಓದಿದೆ. ಮೂಲನಿವಾಸಿಗಳ ಕ್ರೀ ಭಾಷೆ ಮಾತಾಡುತ್ತ ಬೆಳೆದ ಮೇಟೀ (ಮೂಲನಿವಾಸಿ ಮತ್ತು ಯುರೋಪಿಯನ್ ಬೆರೆತ ಸಮುದಾಯದ) ಹೆಣ್ಣುಮಗಳು, ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿ ರಸ್ತೆಗೆಂದು ಬಿಟ್ಟ ಸರ್ಕಾರಿ ಜಾಗದ ಮನೆ, ಮುತ್ತಜ್ಜಿ ಚೀಚಮ್, ಎಲ್ಲ ಸರಿಯಾಗಿದೆ. ಆದರೆ ಆ ಪರಿಚಯ ಬರೆದವರು ಓದಿರುವುದು 1973ರ ಪಠ್ಯ. ಅದು ಪೂರ್ತಿ ಪುಸ್ತಕವಲ್ಲ ಎಂದು ಇನ್ನೆಷ್ಟು ಸಲ ಹೇಳಬೇಕು?

ಅದರಲ್ಲಿ ಸುಮಾರು ಎರಡು ಪುಟ ಇಲ್ಲ. ಆ ಪುಟಗಳಲ್ಲಿ, ಮರಿಯಾಳ ಅಪ್ಪ ಕದ್ದು ಬೇಟೆಯಾಡಿದ ಮಾಂಸ ಹುಡುಕಿಕೊಂಡು ಆರ್‌ಸಿಎಂಪಿ (ಕೆನಡಾದ ಕೇಂದ್ರ ಪೊಲೀಸ್ ಪಡೆ) ಪೊಲೀಸರು ಮನೆಗೆ ಬರುತ್ತಾರೆ. ಅವರಲ್ಲೊಬ್ಬ ಹದಿನಾಲ್ಕರ ಮರಿಯಾಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಅಪ್ಪನಿಗೆ ಹೇಳಬೇಡ, ಅವನು ಪೊಲೀಸರನ್ನು ಕೊಂದು ಗಲ್ಲಿಗೇರುತ್ತಾನೆ ಎಂದು ಅಜ್ಜಿ ಬಾಯಿ ಕಟ್ಟುತ್ತಾಳೆ. ಇಷ್ಟನ್ನೂ ಪ್ರಕಾಶಕರು ಮರಿಯಾ ಒಪ್ಪದಿದ್ದರೂ ಕಿತ್ತುಹಾಕಿದರು.

ಪೊಲೀಸರು ಕೋರ್ಟಿನಿಂದ ತಡೆ ತಂದರೆ ಪುಸ್ತಕವೇ ಹೊರಬರುತ್ತಿರಲಿಲ್ಲ ಅಂತ ಸಮರ್ಥಿಸುವವರಿದ್ದಾರೆ. ಆ ಭಯ ನಿಜವೇ ಇತ್ತು. ಹಾಗೆಂದು ಬರೆದವಳ ಮಾತು ಮೀರಿ ತೆಗೆಯಬಹುದೇ? ತಪ್ಪು ಮಾಡಿದವನ ಇಲಾಖೆಗೆ ಹೆದರಿ, ನೊಂದವಳ ಬಾಯಿಯನ್ನು ಎರಡನೇ ಸಲ ಮುಚ್ಚಿಸಿದಂತಾಯಿತು. ಮೊದಲ ಸಲ ಮುಚ್ಚಿಸಿದ ಅಜ್ಜಿಗಾದರೂ ಮನೆಯವರ ಜೀವದ ಚಿಂತೆ ಇತ್ತು.

ಎರಡೇ ಪುಟ ತಾನೇ ಅನ್ನಬೇಡಿ. ಅಮ್ಮ ಹೆರಿಗೆಯಲ್ಲಿ ತೀರಿಕೊಂಡಾಗ ಮರಿಯಾಗೆ ಹನ್ನೆರಡು. ತಮ್ಮ ತಂಗಿಯರು ಚದುರದಿರಲಿ ಎಂದು ಹದಿನೈದಕ್ಕೇ ಮದುವೆಯಾದಳು. ಆಮೇಲೆ ವ್ಯಾಂಕೂವರ್, ಮಾದಕವಸ್ತು, ಮೈಮಾರಾಟ. ಹಳೆಯ ಮುದ್ರಣದಲ್ಲಿ ಬಡತನವೂ ಕೆಟ್ಟ ಮದುವೆಯೂ ಇವಳನ್ನು ಕೆಡವಿದವು ಎಂದು ಓದಿಕೊಳ್ಳುತ್ತೇವೆ. ಹನ್ನೆರಡಕ್ಕೂ ಹದಿನೈದಕ್ಕೂ ನಡುವೆ ಸಮವಸ್ತ್ರ ತೊಟ್ಟವನೊಬ್ಬ ಮನೆಯೊಳಗೆ ಬಂದಿದ್ದ ಎಂಬುದೇ ಗೊತ್ತಾಗುವುದಿಲ್ಲ.

ಅಲಿಕ್ಸ್ ಶೀಲ್ಡ್ ಮತ್ತು ಡೀನಾ ರೀಡರ್ ಎಂಬ ಸಂಶೋಧಕಿಯರು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಪ್ರಕಾಶಕರ ಕಡತಗಳಲ್ಲಿ ಈ ಪುಟಗಳನ್ನು ಪತ್ತೆಹಚ್ಚಿ 2018ರಲ್ಲಿ ಬರೆದರು. 2019ರ ಮುದ್ರಣದಲ್ಲಿ ಅವು ಮತ್ತೆ ಸೇರಿವೆ. ನಲವತ್ತಾರು ವರ್ಷ!

ಕೊಳ್ಳುವಾಗ ಒಳಪುಟದಲ್ಲಿ 2019 ಇದೆಯೇ ನೋಡಿ. ಕಿಮ್ ಆ್ಯಂಡರ್ಸನ್ ಅವರ ಪ್ರಸ್ತಾವನೆ, ಕೊನೆಗೆ ಸ್ವತಃ ಮರಿಯಾ ಬರೆದ ಹಿನ್ನುಡಿ ಇರಬೇಕು. ಹಳೆಯ ಪ್ರತಿ ಅಗ್ಗಕ್ಕೆ ಸಿಕ್ಕಿತೆಂದು ತಂದು, ಅದನ್ನೇ ಓದಿ ಪರಿಚಯ ಬರೆಯಬೇಡಿ.