ಭೀಷ್ಮ ಕ್ಷಮೆ ಕೇಳುವುದು ಬೇಡ, ವಾದಿಸಲಿ

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆ ತಾಳಮದ್ದಳೆ (ವೇಷ, ಕುಣಿತವಿಲ್ಲದೆ, ಹಾಡಿದ ಪದ್ಯಕ್ಕೆ ಕೂತು ಮಾತಿನಲ್ಲೇ ಅರ್ಥ ಹೇಳುವ ಯಕ್ಷಗಾನ) ಶುರುವಾದರೆ 'ಭೀಷ್ಮವಿಜಯ' ಪ್ರಸಂಗ, ಅಂದರೆ ಆ ಪದ್ಯಗಳ ಕಥೆ, ಎಲ್ಲಾದರೂ ಇದ್ದೇ ಇರುತ್ತದೆ. ಬೆನ್ನಿಗೇ ಒಂದು ತಕರಾರೂ ಬರುತ್ತದೆ: ಸ್ವಯಂವರದಿಂದ ಮೂವರು ಹುಡುಗಿಯರನ್ನು ಎತ್ತಿ ತಂದವನ 'ವಿಜಯ'ವನ್ನು ಈ ಕಾಲದಲ್ಲಿ ಕೂತು ಸವಿಯುವುದು ಹೇಗೆ?

ಧಾರಾಳವಾಗಿ ಸವಿಯಬಹುದು. ಭೀಷ್ಮನನ್ನು ಒಪ್ಪಲೇಬೇಕು ಅಂತ ಯಾರೂ ಹೇಳಿಲ್ಲವಲ್ಲ. ಮಹಾಭಾರತದಲ್ಲಿ ಆ ಮೂವರಲ್ಲಿ ಒಬ್ಬಳಾದ ಅಂಬೆಯ ಪಾಡು ವಿಸ್ತಾರವಾಗಿ ಬರುವುದು ಉದ್ಯೋಗಪರ್ವದಲ್ಲಿ, ಅದೂ ಭೀಷ್ಮನ ಬಾಯಲ್ಲೇ. ಅಂಬೆಯೇ ಮರುಹುಟ್ಟು ಪಡೆದ ಶಿಖಂಡಿಯ ಮೇಲೆ ತಾನೇಕೆ ಬಾಣ ಬಿಡುವುದಿಲ್ಲ ಎಂದು ದುರ್ಯೋಧನನಿಗೆ ಹೇಳುವಾಗ. ಆರೋಪಿಯೇ ಕೊಟ್ಟ ಹೇಳಿಕೆ ಅದು, ಆದರೂ ಅಂಬೆಯ ಸಿಟ್ಟು ಅದರಲ್ಲಿ ಮುಚ್ಚಿಹೋಗಿಲ್ಲ.

ಕೆಡುವುದು ನಮ್ಮ ಕೈಯಲ್ಲಿ. ಕಾಲಮಿತಿ ಎಂದು ಪದ್ಯ ಬಿಡುವಾಗ ಮೊದಲು ಕತ್ತರಿ ಬೀಳುವುದು ಅಂಬೆ ಮೆಚ್ಚಿದ್ದ ಸಾಲ್ವನ ಸನ್ನಿವೇಶಕ್ಕೆ. ಪರಶುರಾಮ-ಭೀಷ್ಮರಿಗೆ ದೊಡ್ಡ ಅರ್ಥಧಾರಿಗಳು (ಪಾತ್ರದ ಮಾತಾಡುವವರು) ಕೂತಿರುತ್ತಾರಲ್ಲ! ಇನ್ನೊಬ್ಬ ಗೆದ್ದು ಒಯ್ದವಳು ತನಗೆ ಬೇಡ ಎಂದು ಸಾಲ್ವ ತಿರುಗಿಸಿ ಕಳಿಸಿದ್ದು ಸಭೆಗೆ ಕೇಳದಿದ್ದರೆ, ಅಂಬೆ ಸುಮ್ಮನೆ ಹಠಮಾರಿಯಾಗಿ ಕಾಣುತ್ತಾಳೆ. ಆ ಸನ್ನಿವೇಶದ ನಾಲ್ಕು ಪದ್ಯವಾದರೂ ಉಳಿಯಲಿ, ಬೇಕಾದರೆ ಭೀಷ್ಮನ ಪೀಠಿಕೆ ಮೊಟಕಾಗಲಿ.

ಇದಕ್ಕಿಂತ ಕೆಟ್ಟದ್ದು ರಿಪೇರಿ. ಕೆಲವರು ಅರ್ಥದಲ್ಲಿ ಭೀಷ್ಮನಿಂದ "ತಪ್ಪಾಯಿತು ತಾಯಿ" ಅನ್ನಿಸಿಬಿಡುತ್ತಾರೆ. ಚಪ್ಪಾಳೆ ಬೀಳುತ್ತದೆ, ಪ್ರಸಂಗ ಅಲ್ಲಿಗೇ ಮಲಗುತ್ತದೆ. ತಪ್ಪೊಪ್ಪಿಕೊಂಡವನು ಅಂಬೆಯ ಪರ ನಿಂತ ಗುರು ಪರಶುರಾಮನ ಎದುರು 23 ದಿನ ಕಾದುವುದಾದರೂ ಯಾಕೆ? ಮುಂದಿನ ಪದ್ಯಗಳಿಗೆ ಕಾಲೇ ಇರುವುದಿಲ್ಲ. ಭೀಷ್ಮ ತನ್ನ ಬ್ರಹ್ಮಚರ್ಯದ ಪ್ರತಿಜ್ಞೆಯನ್ನು ಬಿಗಿಯಾಗಿ ಹಿಡಿದೇ ಮಾತಾಡಬೇಕು. ಆಗ ಅಂಬೆ, "ಪ್ರತಿಜ್ಞೆ ಮಾಡುವಾಗ ನನ್ನನ್ನು ಕೇಳಿದ್ದೆಯಾ? ಅದರ ಸಾಲ ನಾನ್ಯಾಕೆ ತೀರಿಸಲಿ?" ಎಂದರೆ ಸಾಕು, ಎದುರಿನವನಿಗೆ ಮೈ ಬೆವರುತ್ತದೆ. ಅವಳ ಬಾಯಲ್ಲಿ ಸಂವಿಧಾನದ ಕಲಂ ಹೇಳಿಸಿದರೆ ಭೀಷ್ಮನಿಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಂತೆ. ಅವನ ಲೋಕದಲ್ಲಿ ಅದು ಇಲ್ಲವೇ ಇಲ್ಲ.

ವೇಷ ಕಟ್ಟಿ ಆಡುವ ಯಕ್ಷಗಾನದ ಆಟದಲ್ಲಿ ಹಾಸ್ಯದ ಲೆಕ್ಕ ಬೇರೆ. ಮೈಬಣ್ಣ, ದಪ್ಪ ಮೈ, ಜಾತಿ ಹಿಡಿದು ಹಾಸ್ಯಗಾರ ಒಂದು ಮಾತು ಹೊಡೆದರೆ "ಹಳೇ ಕಾಲದ್ದು, ಬಿಡಿ" ಅನ್ನುವವರಿದ್ದಾರೆ. ಹಳೇ ಕಾಲದ್ದೆಲ್ಲಿ? ಪದ್ಯ ಕವಿಯದ್ದು, ಅರ್ಥ ಆ ರಾತ್ರಿ ರಂಗದ ಮೇಲೆ ಹುಟ್ಟಿದ್ದು. ಅನುಮಾನವಿದ್ದರೆ ಪ್ರಸಂಗ ಪುಸ್ತಕ ತೆರೆದು ನೋಡಿ. ಪುಸ್ತಕದಲ್ಲಿದ್ದರೆ ಕವಿಯ ಕಾಲದ ಬಗ್ಗೆ ಜಗಳಾಡೋಣ. ಇಲ್ಲದಿದ್ದರೆ ಆಟ ಮುಗಿದ ಮೇಲೆ ಚೌಕಿಗೆ (ಬಣ್ಣದ ಮನೆಗೆ) ಹೋಗಿ ಹಾಸ್ಯಗಾರರನ್ನೇ ಕೇಳಬಹುದು.