ಮೇಜು ಅಲುಗಿದರೆ ಪರದೆ ಕಪ್ಪು

ಮೇಜಿಗೆ ಮೊಣಕಾಲು ತಾಗಿದರೆ ಸಾಕು, ಕಂಪ್ಯೂಟರಿನ ಪರದೆ ಕಪ್ಪು, ಫ್ಯಾನ್ ಮಾತ್ರ ಭೋರೆನ್ನುತ್ತದೆ. ಯಾರನ್ನು ಕೇಳಿದರೂ ಒಂದೇ ಉತ್ತರ: ಡ್ರೈವರ್ (ಬಿಡಿಭಾಗ ನಡೆಸುವ ತಂತ್ರಾಂಶ) ಮತ್ತೆ ಹಾಕಿ. ಅಲ್ಲ ಸ್ವಾಮಿ, ಮೇಜು ಅಲುಗಿದಾಗಷ್ಟೇ ಕೆಡುವ ಡ್ರೈವರ್ ಎಲ್ಲಾದರೂ ಉಂಟೇ? ಇದು ಗ್ರಾಫಿಕ್ಸ್ ಕಾರ್ಡಿನ, ಅಂದರೆ ಪರದೆಗೆ ಚಿತ್ರ ಕಳಿಸುವ ಬಿಡಿಭಾಗದ, ಸಡಿಲ ಸಂಪರ್ಕದ ಲಕ್ಷಣ.

ಒಂದು ಕಿಲೋ ದಾಟುವ ಕಾರ್ಡನ್ನು ಎರಡು ಸ್ಕ್ರೂ, ಮದರ್‌ಬೋರ್ಡ್ ಎಂಬ ಮುಖ್ಯ ಫಲಕದ ಒಂದು ಪ್ಲಾಸ್ಟಿಕ್ ಸ್ಲಾಟಿನ ಮೇಲೆ ನೇತುಹಾಕುವ ವಿನ್ಯಾಸವೇ ಎಡವಟ್ಟು. ಮುಂದಿನ ತುದಿ ಜೋತುಬಿದ್ದು ಸ್ಲಾಟಿನ ಪಿನ್‌ಗಳ ಹಿಡಿತ ಹದ ತಪ್ಪುತ್ತದೆ. ಪರೀಕ್ಷೆ ಸುಲಭ: ಕಂಪ್ಯೂಟರ್ ಆಫ್ ಮಾಡಿ, ಮದರ್‌ಬೋರ್ಡ್ ಅಡ್ಡಡ್ಡ ಮಲಗುವಂತೆ ಕ್ಯಾಬಿನೆಟ್ ಇಟ್ಟು ಮತ್ತೆ ಓಡಿಸಿ. ಆಗ ಕಾರ್ಡ್ ನೆಟ್ಟಗೆ ನಿಲ್ಲುತ್ತದೆ. ಕಾಟ ನಿಂತಿತೇ? ಕಾರ್ಡಿನ ತುದಿಗೊಂದು ಆಧಾರ ಕೊಡಿ.

ನಿಲ್ಲಲಿಲ್ಲವೆಂದರೆ ವಿದ್ಯುತ್ ಕೇಬಲ್ ನೋಡಿ. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್, 8 ಪಿನ್ನಿನ ಕನೆಕ್ಟರ್ 150. ಕ್ಲಿಪ್ ಟಕ್ಕೆಂದು ಕೂತಿರಬೇಕು. ಕ್ಯಾಬಿನೆಟ್ಟಿನ ಬಾಗಿಲು ಕೇಬಲನ್ನು ಒತ್ತಬಾರದು. ಕಾರ್ಡಿಗೆ ಎರಡು ಕನೆಕ್ಟರ್ ಇದ್ದರೆ ಕವಲೊಡೆದ ಒಂದೇ ಕೇಬಲ್ ಬೇಡ, ಬೇರೆಬೇರೆ ಎಳೆಯಿರಿ. ಆಮೇಲೆ ಕಾರ್ಡ್ ತೆಗೆದು ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಿಸಿ, ಮತ್ತೆ ಕೂರಿಸಿ. ಹಿಂಬದಿಯ ಲೋಹದ ಪಟ್ಟಿ ಬಾಗಿದ್ದರೆ ಸ್ಕ್ರೂ ಬಿಗಿದಂತೆಲ್ಲ ಕಾರ್ಡ್ ಮೇಲೇಳುತ್ತದೆ. ಇದನ್ನು ಯಾರೂ ಗಮನಿಸುವುದೇ ಇಲ್ಲ.

ಇಷ್ಟಾದರೂ ಸರಿಹೋಗದೆ, ಬೇರೆ ಕಂಪ್ಯೂಟರಿನಲ್ಲೂ ಅದೇ ಗೋಳಾದರೆ ಕಾರ್ಡಿನ ಚಿಪ್ ಅಡಿಯ ಬೆಸುಗೆ ಬಿರುಕುಬಿಟ್ಟಿರಬಹುದು. ಆಗ ಓವನ್ನಿನಲ್ಲಿ ಬೇಯಿಸಿ ಎನ್ನುವ ಮಹಾನುಭಾವರ ಮಾತು ಮಾತ್ರ ಕೇಳಬೇಡಿ.